ಇನ್ನೂ ಇದೆ

ಕಥೆಯನ್ನು ಮೊದಲಿನಿಂದ ಓದಬೇಕೆಂಬ ಕಟ್ಟಳೆಯನ್ನು ಯಾರು ಮಾಡಿದರೋ ನಾನರಿಯೆ. ಮಾಡಿದವರು ಸಿಂಧನೂರಿನವರಲ್ಲ ಎಂಬುದು ಮಾತ್ರ ಖಂಡಿತ. ನಾನು ಹುಡುಗನಾಗಿದ್ದಾಗ ನಮ್ಮೂರಿಗೆ ಮಾಸಪತ್ರಿಕೆಗಳು ರಾಯಚೂರಿನಿಂದ ಬಸ್ಸಿನ ಮೇಲೆ ಬರುತ್ತಿದ್ದುವು. ಬಂದರೆ ಬಂದುವು, ಇಲ್ಲದಿದ್ದರೆ ಇಲ್ಲ. ಜನವರಿಯ ‘ಚಂದಮಾಮ’ ಕೈಗೆ ಸಿಕ್ಕರೆ ಫೆಬ್ರವರಿಯದಕ್ಕೆ ಗತಿಯಿರಲಿಲ್ಲ. ಮಾರ್ಚಿಯದು ಲಿಂಗಸುಗೂರಿನ ನಂಟರ ಮನೆಯಲ್ಲಿರುತ್ತಿತ್ತು; ಏಪ್ರಿಲ್ಲಿನದು ಕಿರಾಣಿ ಅಂಗಡಿಯಲ್ಲಿ ಸಾಸಿವೆಯ ಪೊಟ್ಟಣವಾಗಿ ದರ್ಶನ ಕೊಡುತ್ತಿತ್ತು. ನಮ್ಮ ಪಾಲಿನ ರಾಜಕುಮಾರರು ಕಥೆಯ ನಟ್ಟನಡುವೆ ಹುಟ್ಟಿ, ಯಾವುದೋ ಘೋರಾರಣ್ಯದಲ್ಲಿ ಕತ್ತಿಯೆತ್ತಿದವರು ಕತ್ತಿ ಇಳಿಸದೆ ತಿಂಗಳುಗಟ್ಟಲೆ ನಿಂತಿರುತ್ತಿದ್ದರು. ಪುಟದ ಕೊನೆಗೆ ಆವರಣದೊಳಗೆ ‘ಇನ್ನೂ ಇದೆ’ ಎಂದಿರುತ್ತಿತ್ತು. ಇದ್ದಿತು, ಸರಿ, ಎಲ್ಲಿ ಎಂಬುದೇ ಪ್ರಶ್ನೆ.

ಈಗಿನ ಹುಡುಗರು ಕಾಮಿಕ್ಸ್ ಎನ್ನುವ ಪದಾರ್ಥ ಅದಲ್ಲ. ಮನುಷ್ಯರ ಬಾಯಿಯಿಂದ ಮಾತು ಗುಳ್ಳೆಗಳಾಗಿ ಹೊರಡುತ್ತಿರಲಿಲ್ಲ. ಆದರೆ ಪುಟಪುಟಕ್ಕೂ ಚಿತ್ರ. ಆ ಚಿತ್ರವಿಲ್ಲದೆ ಕಥೆಗೆ ಕಾಲಿಲ್ಲ. ‘ಚಿತ್ರಾ’ ಎಂದು ಸಹಿ ಹಾಕುತ್ತಿದ್ದ ಟಿ.ವಿ. ರಾಘವನ್ ಬರೆದ ರಾಕ್ಷಸನನ್ನು ಕಂಡ ಮೇಲೆ ಬೇರೆ ಯಾರ ರಾಕ್ಷಸನೂ ನನಗೆ ರಾಕ್ಷಸನಾಗಿ ತೋರಲಿಲ್ಲ. ಬೇತಾಳವನ್ನು ಹೆಗಲ ಮೇಲೆ ಹೊತ್ತ ರಾಜನ ಚಿತ್ರವನ್ನು ದಶಕಗಳ ಕಾಲ ಬರೆದವರು ಶಂಕರ್, ಅಂದರೆ ಕೆ.ಸಿ. ಶಿವಶಂಕರನ್. ಬೇತಾಳನ ಮೂಲ ಕಥೆಗಳು ಇಪ್ಪತ್ತೈದು. ಅವು ತೀರಿದ ಮೇಲೂ ಪತ್ರಿಕೆಯವರು ಹೊಸ ಕಥೆಗಳನ್ನು ಹೆಣೆದು ಆ ಅರಸನನ್ನು ಅರ್ಧ ಶತಮಾನ ನಡೆಸಿದರು. ಬೇತಾಳಕ್ಕೆ ಬೇಸರವಾಗಲಿಲ್ಲ, ಅರಸನಿಗೂ ಆಗಲಿಲ್ಲ. ಓದುವ ನಮಗಂತೂ ಆಗಲೇ ಇಲ್ಲ. ಶಂಕರ್ ೨೦೨೦ರಲ್ಲಿ ತೀರಿಕೊಂಡರು. ಪದ್ಮಶ್ರೀ ಮರುವರ್ಷ ಬಂದಿತು. ಸರಕಾರದ ಸಂಚಿಕೆಗಳೂ ನಮ್ಮೂರಿನ ಬಸ್ಸಿನಲ್ಲಿಯೇ ಬರುತ್ತವೆಂದು ಕಾಣುತ್ತದೆ.

ನಾನು ಹೇಳಹೊರಟದ್ದು ಬೇತಾಳನ ಮಾತಲ್ಲ, ಧಾರಾವಾಹಿಯ ಮಾತು.

ಹತ್ತು ಹನ್ನೆರಡು ವರ್ಷಗಳ ಕೆಳಗೆ ಮಸ್ಕಿಯಲ್ಲಿದ್ದ ನಮ್ಮ ಹಳೆಯ ಮನೆಯನ್ನು ಕೆಡವಬೇಕಾಯಿತು. ಸೋದರತ್ತೆ ಇರುವತನಕ ಮನೆಯೂ ಇದ್ದಿತು. ಆಕೆ ಹೋದ ಮೇಲೆ ಜಂತಿಗೆ ಹುಳು ಬಿದ್ದಿತು. ರದ್ದಿಯವನು ತಕ್ಕಡಿ ಸಮೇತ ಬಂದು ಕಟ್ಟೆಯ ಮೇಲೆ ಕುಳಿತಿದ್ದ. ಅಟ್ಟದಿಂದ ಇಳಿಸಿದ ತಗಡಿನ ಟ್ರಂಕಿನಲ್ಲಿ ಹರಿದ ಪಂಚಾಂಗಗಳ ಕೆಳಗೆ, ದಪ್ಪ ದಾರದಿಂದ ಹೊಲಿದು ರಟ್ಟು ಕಟ್ಟಿದ ಒಂದು ಪುಸ್ತಕ ಸಿಕ್ಕಿತು. ತೆಗೆದು ನೋಡಿದರೆ ‘ಚಂದಮಾಮ’ದ ಹಾಳೆಗಳು. ಸಂಚಿಕೆಗಳಲ್ಲ, ಒಂದೇ ಧಾರಾವಾಹಿಯ ಹಾಳೆಗಳನ್ನು ಮಾತ್ರ ಬಿಡಿಸಿ, ಕಂತಿನ ಮೇಲೆ ಕಂತು ಜೋಡಿಸಿ ಹೊಲಿದದ್ದು. ಮೂವರು ಮಾಂತ್ರಿಕರ ಕಥೆ. ತೆಲುಗಿನಲ್ಲಿ ‘ಮುಗ್ಗುರು ಮಾಂತ್ರಿಕುಲು’. ಪಿಂಗಳನೆಂಬ ಬಡ ಬೆಸ್ತ ಅದರ ನಾಯಕ.

ಅದನ್ನು ಮನೆಯಲ್ಲಿ ಯಾರೂ ನನಗೆ ತೋರಿಸಿರಲಿಲ್ಲ. ಆದರೆ ಪಿಂಗಳ ನನಗೆ ಅಪರಿಚಿತನೂ ಅಲ್ಲ. ಬೇಸಿಗೆಯ ರಾತ್ರಿ ಮಾಳಿಗೆಯ ಮೇಲೆ ಮಲಗಿ ತಂದೆಯವರು ಹೇಳುತ್ತಿದ್ದ ಕಥೆ ಅವನದೇ. ಅದು ಅವರ ಸ್ವಂತದ್ದೆಂದೇ ನಾವು ಮಕ್ಕಳೆಲ್ಲ ತಿಳಿದಿದ್ದೆವು.

ಹಾಳೆಗಳ ಅಂಚಿನ ತುಂಬ ಪೆನ್ಸಿಲಿನಿಂದ ಸಣ್ಣಗೆ ಉರ್ದು ಬರವಣಿಗೆ. ಅಕ್ಷರ ತಂದೆಯವರದೆಂದು ಗುರುತು ಸಿಕ್ಕಿತೇ ಹೊರತು ಓದಲು ನನಗೆ ಬಾರದು. ಸಿಂಧನೂರಿಗೆ ತಂದು, ಗಡಿಯಾರ ರಿಪೇರಿ ಮಾಡುವ ಮುದುಕರೊಬ್ಬರ ಮುಂದೆ ಇಟ್ಟೆ. ಅವರನ್ನು ಊರಿಗೆ ಊರೇ ಚಾಚಾ ಎನ್ನುತ್ತದೆ. ಕಣ್ಣಿಗೆ ಸಿಕ್ಕಿಸಿದ್ದ ಭೂತಗನ್ನಡಿಯನ್ನು ತೆಗೆಯದೆಯೇ ಎರಡು ಸಾಲು ನೋಡಿದರು. ಹುಬ್ಬು ಗಂಟಿಕ್ಕಿದರು. ಆಮೇಲೆ ನಕ್ಕರು.

“ಇದು ಉರ್ದು ಅಲ್ಲಪಾ. ಅಕ್ಷರ ಅಷ್ಟ ಉರ್ದು. ಮಾತು ಕನ್ನಡ ಐತಿ.”

ಮತ್ತೆ ಒಂದೊಂದೇ ಅಕ್ಷರ ಕೂಡಿಸಿ ಓದಿದರು: ಘೋ-ರಾ-ರಣ್ಯ. ಗಂ-ಡ-ಭೇ-ರುಂ-ಡ. ಅ-ದೃ-ಶ್ಯ. ಆ ಪದಗಳು ಚಾಚಾನ ಬಾಯಲ್ಲಿ ತಡವರಿಸಿದ ಹಾಗೆಯೇ ಎಂದೋ ಒಂದು ದಿನ ತಂದೆಯವರ ಬಾಯಲ್ಲಿಯೂ ತಡವರಿಸಿದ್ದುವೆಂದು ನನಗೆ ಆಗ ಹೊಳೆಯಿತು.

ಹೊರಗಿನ ಓದುಗರಿಗೆ ನಮ್ಮ ಸೀಮೆಯ ಸ್ಥಿತಿಯನ್ನು ಎರಡು ಮಾತಿನಲ್ಲಿ ಹೇಳಬೇಕು. ಇದು ನಿಜಾಮನ ರಾಜ್ಯ. ಮನೆಯ ಮಾತು ಕನ್ನಡ, ಶಾಲೆಯ ಮಾತು ಉರ್ದು, ಕಚೇರಿಯ ಮಾತೂ ಉರ್ದು. ಮದರಾಸಿನಲ್ಲಿ ನಾಗಿರೆಡ್ಡಿ ಮತ್ತು ಚಕ್ರಪಾಣಿಯವರು ೧೯೪೭ರ ಜುಲೈಯಲ್ಲಿ ತೆಲುಗು, ತಮಿಳುಗಳಲ್ಲಿ ಆರಂಭಿಸಿದ ಪತ್ರಿಕೆ ಮರುವರ್ಷ, ೧೯೪೮ರಲ್ಲಿ, ಕನ್ನಡದಲ್ಲಿಯೂ ಹೊರಟಿತು. ಆ ಬೇಸಿಗೆ, ಮಳೆಗಾಲಗಳಲ್ಲಿ ನಮ್ಮ ಕಡೆ ರಜಾಕಾರರ ಹಾವಳಿ. ಜನ ಗಂಟುಮೂಟೆ ಕಟ್ಟಿಕೊಂಡು ತುಂಗಭದ್ರೆಯನ್ನು ದಾಟುತ್ತಿದ್ದರು. ಚಂದಮಾಮನನ್ನು ಕೇಳುವವರು ಯಾರು? ಸೆಪ್ಟೆಂಬರಿನಲ್ಲಿ ಪೋಲೀಸ್ ಕಾರ್ಯಾಚರಣೆಯಾಯಿತು. ೧೯೫೬ರ ನವೆಂಬರ್ ೧ರಂದು ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಲಿಂಗಸುಗೂರಿನಲ್ಲಿ ಉರ್ದು ಕಲಿತು, ಅಲ್ಲಿಯೇ ಕಚೇರಿಯಲ್ಲಿ ಗುಮಾಸ್ತೆಯಾಗಿ ಸೇರಿದ್ದ ಇಪ್ಪತ್ತರ ತರುಣನಿಗೆ, ತಾನು ಆಡುವ ಮಾತನ್ನೇ ತಾನು ಓದಲಾರೆನೆಂಬುದು ಅಂದು ಗೊತ್ತಾಯಿತು.

ನನಗೆ ತಿಳಿದ ತಂದೆಯವರು ಬೇರೆ. ಅವರ ಕನ್ನಡ ಟಿಪ್ಪಣಿಗೆ ಕಚೇರಿಯಲ್ಲಿ ಹೆಸರಿದ್ದಿತು. ಒತ್ತಕ್ಷರ ತಪ್ಪಿದರೆ ನಮ್ಮ ಕಿವಿ ಕೆಂಪಾಗುತ್ತಿತ್ತು. ಆ ಕನ್ನಡದ ಮೂಲ ಇಲ್ಲಿ, ತಗಡಿನ ಟ್ರಂಕಿನಲ್ಲಿ ಪಂಚಾಂಗದ ಕೆಳಗೆ ಅಡಗಿ ಕುಳಿತಿತ್ತು.

ಕಟ್ಟನ್ನು ಅವರ ಮುಂದಿಟ್ಟಾಗ ಎಂಬತ್ತರ ಹತ್ತಿರವಿದ್ದ ಅವರಿಗೆ ಕಣ್ಣು ಮಂಜಾಗಿತ್ತು. ಕೈಯಿಂದ ಸವರಿ ನೋಡಿದರು. “ಎಲ್ಲಿತ್ತೋ ಇದು?” ಎಂದರು. ಬಹಳ ಹೊತ್ತಿನ ಮೇಲೆ, ಕೇಳದೆಯೇ, ಹೇಳಿದರು.

ಬಸ್ ನಿಲ್ದಾಣದಲ್ಲಿ ಯಾರೋ ಬಿಟ್ಟುಹೋದ ಸಂಚಿಕೆಯಂತೆ. ಚಿತ್ರ ನೋಡಿದರಂತೆ: ಕೆರೆಯ ದಂಡೆ, ಬಲೆ ಹಿಡಿದ ಬೆಸ್ತ, ಎದುರಿಗೆ ಅಪರಿಚಿತನಾದ ಮಾಂತ್ರಿಕ. “ನೋಡಿದಕೂಡಲೆ ಗೊತ್ತಾತು. ಇವ ನಮ್ಮ ಜೂದರ್!”

ಜೂದರನು ಅರೇಬಿಯನ್ ನೈಟ್ಸ್‌ನವನು. ಶಾಲೆಯಲ್ಲಿ ಮೌಲವಿ ಸಾಹೇಬರು ಹೇಳಿದ ಕಥೆ. ಜೂದರ್ ಬೆಸ್ತ ಕೆರೆಗೆ ಬಂದಾಗ ಮಗ್ರಿಬಿ ದೇಶದವನೊಬ್ಬ ಬಂದು, ನನ್ನ ಕೈಕಟ್ಟಿ ನೀರಿಗೆ ನೂಕು ಎನ್ನುತ್ತಾನೆ. ಮೊದಲು ಕೈ ಮೇಲೆ ಬಂದರೆ ಬಲೆ ಬೀಸಿ ಎಳೆ, ಕಾಲು ಬಂದರೆ ನಾನು ಸತ್ತೆನೆಂದು ತಿಳಿ. ಒಬ್ಬನ ಕಾಲು ಬರುತ್ತದೆ. ಮರುದಿನ ಅವನ ತಮ್ಮನ ಕಾಲೂ ಬರುತ್ತದೆ. ಮೂರನೆಯವನು ಹವಳದಂಥ ಎರಡು ಕೆಂಪು ಮೀನು ಹಿಡಿದುಕೊಂಡು ಮೇಲಕ್ಕೆ ಬರುತ್ತಾನೆ. ಆ ಬೀಜವನ್ನು ತಂದು ಯಾರೋ ಮದರಾಸಿನಲ್ಲಿ ನೆಟ್ಟು, ಪಿಂಗಳನೆಂದು ಹೆಸರಿಟ್ಟು, ದೊಡ್ಡ ಮರವನ್ನೇ ಬೆಳೆಸಿದ್ದರು. ಕಥೆ ಗೊತ್ತಿದ್ದುದರಿಂದ ಮುಂದಿನ ಪದ ಯಾವುದಿರಬೇಕೆಂದು ತಂದೆಯವರು ಊಹಿಸಬಲ್ಲವರಾಗಿದ್ದರು. ಊಹಿಸಿ, ಅಕ್ಷರದೊಂದಿಗೆ ತಾಳೆ ನೋಡಿ, ತಾಳೆಯಾದರೆ ಉರ್ದುವಿನಲ್ಲಿ ಅಂಚಿಗೆ ಬರೆದುಕೊಳ್ಳುವರು. ಕಾಗುಣಿತದ ಪುಸ್ತಕ ಕೊಳ್ಳಲು ನಾಚಿಕೆ. ಹುಡುಗರ ಪತ್ರಿಕೆ ಕೊಂಡರೆ ಅಕ್ಕನ ಮಗುವಿಗೆಂದು ಹೇಳಬಹುದು.

ಆದರೆ ಕಥೆ ಗೊತ್ತಿದ್ದುದೇ ಒಂದು ಪೀಡೆಯಾಯಿತು. ಜೂದರನ ಕೊನೆ ಕೆಟ್ಟದ್ದು. ಹೊಟ್ಟೆಕಿಚ್ಚಿನ ಅಣ್ಣಂದಿರು ಅವನಿಗೆ ವಿಷವಿಟ್ಟು ಕೊಲ್ಲುತ್ತಾರೆ. ಪಿಂಗಳನಿಗೂ ಇಬ್ಬರು ಅಣ್ಣಂದಿರು. ತಿಂಗಳು ತಿಂಗಳೂ ಪದ ಕೂಡಿಸುತ್ತ ತಂದೆಯವರು ಆ ವಿಷದ ಕಡೆಗೇ ನಡೆಯುತ್ತಿದ್ದರು. ಅಷ್ಟರಲ್ಲಿ ವರ್ಗವಾಯಿತು. ಹೋದ ಊರಿನಲ್ಲಿ ಪತ್ರಿಕೆ ಸಿಗದು. ಕಟ್ಟಿನ ಕೊನೆಯ ಹಾಳೆಯಲ್ಲಿ ಪಿಂಗಳ ಇನ್ನೂ ಬದುಕಿದ್ದ.

ಮಕ್ಕಳಿಗೆ ಕಥೆಯನ್ನು ಅರ್ಧಕ್ಕೆ ನಿಲ್ಲಿಸಲಾದೀತೆ? ಕೊನೆಯನ್ನು ತಾವೇ ಮಾಡಿ ಹೇಳಿದರು. ಅದನ್ನು ನಾನು ಮೊದಲು ಕೇಳಿದ್ದು ಮಸ್ಕಿಯ ಗುಡ್ಡದಲ್ಲಿ. ಅಲ್ಲಿ ಅಶೋಕನ ಶಾಸನವಿದೆ. ೧೯೧೫ರಲ್ಲಿ ಬೀಡನ್ ಎಂಬ ಇಂಜಿನಿಯರು ಚಿನ್ನ ಹುಡುಕಲು ಬಂದು ಕಂಡುಹಿಡಿದದ್ದು. ಅದುವರೆಗೆ ಸಿಕ್ಕಿದ್ದ ಶಾಸನಗಳಲ್ಲಿ ದೇವಾನಾಂಪ್ರಿಯನೆಂದೋ ಪ್ರಿಯದರ್ಶಿಯೆಂದೋ ಇದ್ದಿತೇ ಹೊರತು, ಅರಸನ ಸ್ವಂತ ಹೆಸರು ಸಿಕ್ಕಿದ್ದು ನಮ್ಮೂರ ಬಂಡೆಯಲ್ಲಿ. (ಆಮೇಲೆ ಗುಜರ್ರಾದಲ್ಲಿಯೂ, ಬಳ್ಳಾರಿ ಸೀಮೆಯ ನಿಟ್ಟೂರು, ಉಡೇಗೋಳಗಳಲ್ಲಿಯೂ ಸಿಕ್ಕಿತು. ಮಸ್ಕಿಯವರು ಅದನ್ನು ಹೇಳುವುದಿಲ್ಲ.) ಆ ಬಂಡೆಯ ನೆರಳಿನಲ್ಲಿ ಬುತ್ತಿ ಬಿಚ್ಚಿ ರೊಟ್ಟಿ, ಪುಂಡಿಪಲ್ಯ ಹಂಚುತ್ತ ತಂದೆಯವರು ಪಿಂಗಳನನ್ನು ಅವನ ತಾಯಿಯ ಹತ್ತಿರಕ್ಕೆ ತಲಪಿಸಿದರು. ಅಣ್ಣಂದಿರು ವಿಷ ಕಲಸುತ್ತಾರೆ. ತಾಯಿ ತಟ್ಟೆ ಬದಲಿಸಿಬಿಡುತ್ತಾಳೆ. ತಿಂದವನಿಗೆ ಹೊಟ್ಟೆನೋವು ಮಾತ್ರ, ಯಾರೂ ಸಾಯುವುದಿಲ್ಲ. ಮರುದಿನ ಮೂವರೂ ಬಲೆ ಹೊತ್ತು ಕೆರೆಗೆ ಹೋಗುತ್ತಾರೆ.

ನಿಜವಾದ ಕೊನೆಯನ್ನು ಹುಡುಕಬೇಕೆಂಬ ಛಲ ಈಗ ನನಗೆ ಹತ್ತಿತು. ಮಸ್ಕಿಯಲ್ಲಿ ವಿಚಾರಿಸಿದೆ, ಲಿಂಗಸುಗೂರಿನ ಹಳೆಯ ಮನೆಗಳ ಅಟ್ಟ ಹತ್ತಿದೆ, ಸೀನು ಬಂದಿತೇ ವಿನಾ ಸಂಚಿಕೆ ಬರಲಿಲ್ಲ. ಪತ್ರಿಕೆಯನ್ನೇ ಕೇಳೋಣವೆಂದರೆ ಅದೂ ಮಗುಚಿಕೊಂಡಿತ್ತು. ೧೯೯೮ರಲ್ಲಿ ಒಮ್ಮೆ ನಿಂತು, ಮತ್ತೆ ಹೊರಟು, ೨೦೦೭ರಲ್ಲಿ ಮುಂಬಯಿಯ ಸಾಫ್ಟ್‌ವೇರ್ ಕಂಪನಿಯೊಂದರ ಕೈಸೇರಿ, ೨೦೧೩ರ ಹೊತ್ತಿಗೆ ತೀರ ಕಣ್ಮರೆಯಾಗಿತ್ತು. ಕೊನೆಗೆ ಸಹಾಯಕ್ಕೆ ಬಂದವರು ಓದುಗರೇ. ಹಳೆಯ ಸಂಚಿಕೆಗಳನ್ನು ಪುಟಪುಟವಾಗಿ ಪಡಿಯಚ್ಚು ತೆಗೆದು ಕಂಪ್ಯೂಟರಿಗೆ ಏರಿಸಿದ ಪುಣ್ಯಾತ್ಮರು ನಾನಾ ಊರುಗಳಲ್ಲಿದ್ದರು.

ಹಾಗೆ ಹುಡುಕುವಾಗಲೇ ಬರೆದವರ ಹೆಸರೂ ಸಿಕ್ಕಿತು. ದಾಸರಿ ಸುಬ್ರಹ್ಮಣ್ಯಂ. ಪತ್ರಿಕೆಯ ಸಂಪಾದಕ ವರ್ಗದಲ್ಲಿ ಐವತ್ತು ವರ್ಷ ದುಡಿದವರು. ೧೯೫೦ರ ದಶಕದಿಂದ ೧೯೭೦ರ ದಶಕದ ಕೊನೆಯವರೆಗೆ ಹನ್ನೆರಡು ಧಾರಾವಾಹಿಗಳು, ‘ತೋಕಚುಕ್ಕ’ದಿಂದ ‘ಭಲ್ಲೂಕ ಮಾಂತ್ರಿಕುಡು’ವರೆಗೆ, ಎಲ್ಲ ಅವರವೇ. ಅಷ್ಟು ಭಾಷೆಗಳಲ್ಲಿ ಅಷ್ಟು ಮನೆಗಳಲ್ಲಿ ಓದಿದರು. ಕಥೆಯ ತಲೆಯ ಮೇಲೆ ಅವರ ಹೆಸರು ಅಚ್ಚಾಗಲಿಲ್ಲ. ಚಿತ್ರಕಾರನಿಗೆ ಮೂಲೆಯಲ್ಲಿ ಸಹಿ ಮಾಡುವಷ್ಟು ಜಾಗವಿತ್ತು. ಬರೆದವನಿಗೆ ಅದೂ ಇಲ್ಲ. ಅದು ಆ ಪತ್ರಿಕೆಯ ಪದ್ಧತಿ ಎನ್ನುತ್ತಾರೆ. ಪದ್ಧತಿ ಇರಬಹುದು, ನನಗೆ ಸರಿಬೀಳಲಿಲ್ಲ. ಅವರು ೨೦೧೦ರಲ್ಲಿ ತೀರಿಕೊಂಡ ಮೇಲೆ ಕಥೆಗಳು ತೆಲುಗಿನಲ್ಲಿ ಅವರ ಹೆಸರು ಹೊತ್ತ ಪುಸ್ತಕಗಳಾಗಿ ಬಂದುವು.

ಒಂದು ಮಧ್ಯಾಹ್ನ ಉಳಿದ ಕಂತುಗಳನ್ನು ತಂದೆಯವರಿಗೆ ಓದಿ ಹೇಳಿದೆ. ಪಿಂಗಳನಿಗೆ ಏನಾಯಿತೆಂದು ಇಲ್ಲಿ ಹೇಳುವುದಿಲ್ಲ. ಓದದವರ ಸುಖವನ್ನು ಕೆಡಿಸಬಾರದು. ಅವರು ಗೋಡೆಗೆ ಒರಗಿ ಕೇಳುತ್ತಿದ್ದರು. ಅಣ್ಣಂದಿರ ಹೆಸರು ಬಂದಾಗಲೆಲ್ಲ ಕೈಬೆರಳು ಧೋತರದ ಅಂಚನ್ನು ಹಿಡಿಯುತ್ತಿದ್ದುವು. ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದರು.

“ಛಲೋ ಐತಿ,” ಎಂದರು. ಆಮೇಲೆ, “ಆದ್ರ ನಂದು ಇನ್ನೂ ಛಲೋ ಇತ್ತು.”

“ಹೌದಪಾ,” ಎಂದೆ. ನಿಜಕ್ಕೂ ಹೌದು.

“ಬರದವರು ಯಾರಂತ?”

ಹೇಳಿದೆ. ಇನ್ನೊಮ್ಮೆ ಹೇಳಿಸಿದರು. ಪೆನ್ಸಿಲು ಕೇಳಿದರು. ನಾನು ಕಟ್ಟಿನ ಮೊದಲ ಹಾಳೆ ತೆರೆದು, ಕಥೆಯ ತಲೆಬರಹದ ಕೆಳಗೆ ಅವರ ಬೆರಳನ್ನು ಇಟ್ಟೆ. ಕಣ್ಣು ಕಾಣದಿದ್ದರೂ ಕೈ ತಪ್ಪಲಿಲ್ಲ. ಬಲದಿಂದ ಎಡಕ್ಕೆ, ನಿಧಾನವಾಗಿ, ಉರ್ದುವಿನಲ್ಲಿ ಆ ಹೆಸರನ್ನು ಬರೆದರು.