ಮೊಮ್ಮಗಳ ಸಿ3 ಖಾತೆ

ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಶಾಖೆಗಳಲ್ಲಿ ಮಂದಿಯ ಖಾತೆಯ ಶಿಲ್ಕು ನೋಡುತ್ತಲೇ ನನ್ನ ನೌಕರಿ ಮುಗಿಯಿತು. ಒಂದೇ ಒಂದು ಅಂಕಿಗಾಗಿ ಎಂಟು ವಾರ ನಿದ್ದೆಗೆಟ್ಟದ್ದು ಮಾತ್ರ ನಿವೃತ್ತನಾಗಿ ಬೆಟಗೇರಿಯಲ್ಲಿ ಕೂತ ಮೇಲೆ.

ಐದನೇ ಇಯತ್ತೆಯ ಮೊಮ್ಮಗಳಿಗೆ ಗಂಟಲು ಬೇನೆ ಬಂದಿತ್ತು. "ಅರಿಶಿಣ ಹಾಲು ಕುಡಿ, ಹೋಗತೈತಿ" ಎಂದವನು ನಾನೇ. ಬೇನೆಯೇನೋ ಹೋಯಿತು. ಹತ್ತು ದಿನದ ಮೇಲೆ ಒಂದು ಬೆಳಿಗ್ಗೆ ಮುಖ ಬಾತುಕೊಂಡು ಎದ್ದಳು. ಬಚ್ಚಲದಿಂದ ಕೂಗು: "ಅಜ್ಜಾ, ಉಚ್ಚಿ ಕರೀ ಚಹಾದಂಗ ಐತಿ!"

ಹುಬ್ಬಳ್ಳಿಯ ಮೂತ್ರಪಿಂಡ ತಜ್ಞರಲ್ಲಿಗೆ ಓಡಿದೆವು. ರಕ್ತ ಪರೀಕ್ಷೆಯ ಚೀಟಿಯಲ್ಲಿ ಸಿ3 ಎಂಬುದರ ಮುಂದೆ 28 ಎಂದಿತ್ತು. 90ರ ಮೇಲಿರಬೇಕಂತೆ.

"ಡಾಕ್ಟರ್ ಸಾಹೇಬ್ರ, ಇದೇನ್ರಿ?"

ಅವರು ಹೇಳಿದ್ದನ್ನು ನನಗೆ ತಿಳಿದ ಹಾಗೆ ಹೇಳುತ್ತೇನೆ, ಮಕ್ಕಳೇ. ನಮ್ಮ ರಕ್ತದಲ್ಲಿ ಮೂವತ್ತಕ್ಕೂ ಹೆಚ್ಚು ಪ್ರೋಟೀನುಗಳ ಕಾವಲು ಪಡೆಯೊಂದಿದೆ. ಹೆಸರು ಕಾಂಪ್ಲಿಮೆಂಟ್, ಅಂದರೆ ಪೂರಕ. ರೋಗಾಣು ಬಂತೆಂದರೆ ಒಂದು ಇನ್ನೊಂದನ್ನು ಎಬ್ಬಿಸುತ್ತದೆ. ನಡುವಿನ ದೊಡ್ಡಾಳು ಸಿ3. ಅದು ಒಡೆದು ರೋಗಾಣುವಿಗೆ ಅಂಟಿ ಗುರುತು ಹಾಕುತ್ತದೆ. ಹಿಂದೆ ಬರುವವು ಅದರ ಮೈಗೆ ತೂತು ಕೊರೆಯುತ್ತವೆ. ಒಂದೊಂದು ಮೂತ್ರಪಿಂಡದಲ್ಲಿ ಸುಮಾರು ಹತ್ತು ಲಕ್ಷ ಸಣ್ಣ ಜರಡಿಗಳು. ಗಂಟಲಿನ ರೋಗಾಣುವಿನ ಚೂರುಗಳು ಅಲ್ಲಿ ಸಿಕ್ಕಿಕೊಂಡಿದ್ದವು. ಪಡೆ ಹೋಗಿ ಜರಡಿಯ ಮೇಲೇ ಬಿದ್ದಿತ್ತು. ಆ ಜಗಳದಲ್ಲಿ ಸಿ3 ಖರ್ಚಾಗಿತ್ತು.

"ಬಹಳ ಮಕ್ಕಳಿಗೆ ತಾನಾಗೇ ಏರತೈತ್ರಿ, ಅಜ್ಜಾರ. ಎರಡು-ಮೂರು ತಿಂಗಳಾದ್ರೂ ಏರಲಿಲ್ಲಂದ್ರ ಬ್ಯಾರೆ ವಿಚಾರ ಮಾಡೂಣು."

ಆ 'ಬ್ಯಾರೆ' ಎಂದರೆ ಸಿ3 ಗ್ಲೋಮೆರುಲೋಪತಿ. ಕಳ್ಳ ಇಲ್ಲದಿದ್ದರೂ ಪಡೆ ಬಡಿಗೆ ಕೆಳಗಿಡದ ಅಪರೂಪದ ರೋಗ. ಅದಕ್ಕೆಂದೇ ಮೊದಲ ಔಷಧಕ್ಕೆ, ಇಪ್ಟಕೋಪಾನ್ ಎಂಬ ಗುಳಿಗೆಗೆ, ಅಮೆರಿಕ ಒಪ್ಪಿಗೆ ಕೊಟ್ಟದ್ದು 2025ರ ಮಾರ್ಚಿನಲ್ಲಿ. ಪಡೆಯ ಫ್ಯಾಕ್ಟರ್ ಬಿ ಎಂಬ ಆಳಿನ ಕೈ ಹಿಡಿಯುತ್ತದೆ. ನಾವು ಚೆಕ್ಕಿಗೆ ಸ್ಟಾಪ್ ಪೇಮೆಂಟ್ ಹಾಕುತ್ತಿದ್ದ ಹಾಗೆ. ಆದರೆ ಕಾವಲುಗಾರನ ಕೈ ಕಟ್ಟಿದರೆ ನಿಜವಾದ ಕಳ್ಳ ನುಗ್ಗಬಹುದಲ್ಲ? ಅದಕ್ಕೇ ಮೊದಲು ಮೆನಿಂಜೈಟಿಸ್‌ನಂಥ ಸೋಂಕುಗಳಿಗೆ ಲಸಿಕೆ ಹಾಕುತ್ತಾರೆ. ಈ ಗುಳಿಗೆಗೆ ಒಪ್ಪಿಗೆ ಸಿಕ್ಕದ್ದು ದೊಡ್ಡವರಿಗೆ. ಜುಲೈನಲ್ಲಿ ಬಂದ ಪೆಗ್ಸೆಟಾಕೋಪ್ಲಾನ್ ಚುಚ್ಚುಮದ್ದು ಸಿ3ಯನ್ನೇ ತಡೆಯುತ್ತದೆ, 12 ತುಂಬಿದವರಿಗೆ. ನಮ್ಮವಳಿಗೆ ಹತ್ತು.

ಎಂಟು ವಾರ ಉಪ್ಪಿನಕಾಯಿ ಬಂದ್, ಹಪ್ಪಳ ಬಂದ್. ನಾನೂ ಬಿಟ್ಟೆ, ಅವಳ ಎದುರು ತಿನ್ನಲು ಮನಸ್ಸಾಗಲಿಲ್ಲ. ಮತ್ತೆ ರಕ್ತ ಕೊಟ್ಟು ಬಂದು ಚೀಟಿ ಬಿಚ್ಚುವಾಗ ಕೈ ನಡುಗಿತು. ಸಿ3: 104.

ಮೂತ್ರದ ಪರೀಕ್ಷೆ ಇನ್ನೂ ಕೆಲವು ತಿಂಗಳು ಇದೆ. ಅವಳಿಗೆ ಅದರ ಚಿಂತೆಯಿಲ್ಲ. ಚೀಟಿ ಇಣುಕಿ ಕೇಳಿದಳು: "ಅಜ್ಜಾ, ಬಡ್ಡಿ ಕೂಡಿಸಿ ಇಷ್ಟಾತೇನು?"