ಇನ್ಮೇಲೆ ಇವರು ಮನೆಯಲ್ಲೇ!

“ಇನ್ನೇನ್ರೀ ವೈನಿ, ಮಾಸ್ತರು ದಿನಾ ಮನ್ಯಾಗ ಇರ್ತಾರ. ನಿಮಗ ಆರಾಮ ಬಿಡ್ರಿ!” ಎಂದು ಓಣಿಯ ಗೆಳತಿಯರು ನಕ್ಕಾಗ ನಾನೂ ನಕ್ಕೆ. ಆದರೆ ಒಳಗೊಳಗೇ ಎದೆ ಡವಡವ ಅನ್ನುತ್ತಿತ್ತು.

ನಮ್ಮ ಯಜಮಾನರು ಬೈಲಹೊಂಗಲ ಸುತ್ತಲಿನ ಹಳ್ಳಿಗಳಲ್ಲಿ 36 ವರ್ಷ ಪ್ರಾಥಮಿಕ ಶಾಲೆಯ ಮಾಸ್ತರರಾಗಿದ್ದವರು. ನನಗಿಂತ 12 ವರ್ಷ ದೊಡ್ಡವರು. 2023ರ ಮೇ 31ಕ್ಕೆ ನಿವೃತ್ತಿ. ಹುಟ್ಟಿದ ತಾರೀಕು ಜೂನ್ 1. ಆ ಕಾಲದವರಲ್ಲಿ ಎಷ್ಟೋ ಜನರದು ಇದೇ ತಾರೀಕು. ಶಾಲೆಗೆ ಹೆಸರು ಹಚ್ಚುವಾಗ ಹುಟ್ಟಿದ ದಿನ ಗೊತ್ತಿಲ್ಲದಿದ್ದರೆ ಗುರುಗಳೇ ಜೂನ್ 1 ಎಂದು ಬರೆದುಬಿಡುತ್ತಿದ್ದರು. ತಿಂಗಳ ಮೊದಲ ದಿನ ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತರಾಗಬೇಕೆಂಬುದು ನಿಯಮ. ಹೀಗಾಗಿ ಮೇ 31 ಬಂತೆಂದರೆ ಎಲ್ಲಿ ನೋಡಿದರೂ ಶಾಲು, ಹಾರ, ಬೀಳ್ಕೊಡುಗೆ.

ವರ್ಷದ ಮೊದಲೇ ಇವರಿಗೆ ರಾತ್ರಿ ನಿದ್ದೆ ಹತ್ತದಂತಾಗಿತ್ತು. ಮಗಳ ಮದುವೆಯಾಗಿದೆ, ಮಗ ಧಾರವಾಡದಲ್ಲಿ ಓದುತ್ತಿದ್ದಾನೆ, ದುಡ್ಡಿನ ಚಿಂತೆ ಇರಬೇಕು ಎಂದುಕೊಂಡೆ. ಒಂದು ಭಾನುವಾರ ಇಬ್ಬರೂ ನೋಟ್‌ಬುಕ್ ಹಿಡಿದು ಕುಳಿತೆವು. ನಮ್ಮ ರಾಜ್ಯದಲ್ಲಿ 2006ರ ಏಪ್ರಿಲ್ 1ಕ್ಕಿಂತ ಮೊದಲು ಸೇರಿದವರಿಗೆ ಹಳೆಯ ಪಿಂಚಣಿ ಉಂಟು. ಇವರಷ್ಟು ಪೂರಾ ಸೇವೆ ಮಾಡಿದವರಿಗೆ ಕೊನೆಯ ಮೂಲ ವೇತನದ ಅರ್ಧ ಸಿಗುತ್ತದೆ, ಮೇಲೆ ತುಟ್ಟಿಭತ್ಯೆ. ಪಿಂಚಣಿಯ ಮೂರನೆಯ ಒಂದು ಪಾಲಿನವರೆಗೆ ಮುಂಗಡವಾಗಿ ಗಂಟು ಪಡೆಯಬಹುದು, ಕಡಿತವಾದ ಆ ಪಾಲು 15 ವರ್ಷದ ಮೇಲೆ ಮತ್ತೆ ಸೇರುತ್ತದೆ. ಲೆಕ್ಕ ಬರೆದಾಗ ನನಗೆ ಧೈರ್ಯ ಬಂತು. ಕಾಗದಕ್ಕೆ ಜೋಡಿ ಫೋಟೋ ಬೇಕೆಂದು ಇಬ್ಬರೂ ಸ್ಟುಡಿಯೋಕ್ಕೂ ಹೋಗಿಬಂದೆವು. ಮದುವೆಯಾದ ಮೇಲೆ ಹಾಗೆ ಕುಳಿತು ಫೋಟೋ ತೆಗೆಸಿದ್ದು ಅದೇ ಮೊದಲು!

ಆದರೂ ಇವರ ಮುಖ ಅರಳಲಿಲ್ಲ. ಒಂದು ರಾತ್ರಿ ಕತ್ತಲಲ್ಲಿ ಮೆಲ್ಲಗೆ ಕೇಳಿದರು, “ಅಲ್ಲಾ, ಜೂನ್ ಒಂದಕ್ಕ ಮುಂಜಾನೆ ಎದ್ದು ನಾ ಎಲ್ಲಿಗೆ ಹೋಗ್ಲಿ?”

“ಎಲ್ಲಿಗೂ ಹೋಗಬ್ಯಾಡ್ರಿ, ಮನ್ಯಾಗ ಇರ್ರಿ” ಅಂದೆ. ಸಮಾಧಾನ ಹೇಳಿದೆನೆಂದು ತಿಳಿದಿದ್ದೆ. ಅವರಿಗೆ ಅದೇ ದೊಡ್ಡ ಅಂಜಿಕೆ ಎಂಬುದು ಆಗ ಹೊಳೆಯಲಿಲ್ಲ.

ಜೂನ್ 1 ಬಂತು. ಎಂದಿನಂತೆ ಜಳಕ, ಪೂಜೆ ಮುಗಿಸಿ ಇಸ್ತ್ರಿ ಅಂಗಿ ಹಾಕಿಕೊಂಡರು. ನಾನೂ ರೂಢಿಯಂತೆ ರೊಟ್ಟಿ, ಶೇಂಗಾ ಚಟ್ನಿ ಡಬ್ಬಿಗೆ ಹಾಕಲು ಹೋಗಿ ಕೈ ತಡೆದೆ. ಅವರು ಹಳ್ಳಿಯ ಬಸ್ಸು ಹೋಗುವ ಹೊತ್ತಿಗೆ ಬಾಗಿಲಲ್ಲಿ ನಿಂತರು. ಬಸ್ಸು ಹೋದ ಮೇಲೆ ಒಳಗೆ ಬಂದು ಅಂಗಿ ಕಳಚಿ ಗೂಟಕ್ಕೆ ಹಾಕಿದರು. ನನಗೆ ಕಣ್ಣು ತುಂಬಿ ಬಂತು.

ಮುಂದಿನ ದಿನಗಳಲ್ಲಿ ಶಾಲೆಯ ಬದಲು ಅಡಿಗೆಮನೆಯ ತಪಾಸಣೆ ಶುರುವಾಯಿತು. “ಕುಕ್ಕರ್ ಎಷ್ಟು ಸೀಟಿ ಹೊಡೀತು? ಎಣಿಸಿಲ್ಲೇನು?” ಬೇಳೆ ಡಬ್ಬಿಗಳಿಗೆಲ್ಲ ಮುತ್ತಿನಂಥ ಅಕ್ಷರದಲ್ಲಿ ಚೀಟಿ ಅಂಟಿಸಿದರು. ನಾನು ಮನೆಯಲ್ಲೇ ಜಂಪರ ಹೊಲಿಯುವವಳು. ಮಧ್ಯಾಹ್ನ ನಾಲ್ಕು ಜನ ಹೆಂಗಸರು ಬರುವುದು, ಅಳತೆ ಕೊಡುವುದು, ಸುಖ ದುಃಖ ಮಾತಾಡುವುದು ವಾಡಿಕೆ. ಇವರು ಪಡಸಾಲೆಯಲ್ಲಿ ಪೇಪರ್ ಹಿಡಿದು ಕೂತರೆ ಅವರು ಹೊಸ್ತಿಲಿನಿಂದಲೇ ತಿರುಗಿ ಹೋಗತೊಡಗಿದರು. ಒಂದು ದಿನ ತಾಳ್ಮೆ ತಪ್ಪಿ, “ಶಾಲಿ ಬಿಟ್ಟರೂ ನಿಮ್ಮ ಮಾಸ್ತರಕಿ ಬಿಡಲಿಲ್ಲ. ನನಗೊಂದೀಟು ಉಸಿರಾಡಾಕ ಬಿಡ್ರಿ!” ಅಂದುಬಿಟ್ಟೆ.

ಎರಡು ದಿನ ಮಾತಿಲ್ಲ. ಅರ್ಧ ರೊಟ್ಟಿಗೇ ಕೈ ತೊಳೆದರು. ಆಡಿದ ಮಾತು ನೆನೆಸಿಕೊಂಡು ನನಗೂ ತುತ್ತು ಇಳಿಯಲಿಲ್ಲ. ಹೋಗಲು ಜಾಗವಿಲ್ಲ ಎಂದು ಅಂಜಿದವರಿಗೆ ಮನೆಯಲ್ಲೂ ಜಾಗವಿಲ್ಲ ಎಂದಂತಾಯಿತಲ್ಲ!

ಮೂರನೆಯ ದಿನ ಜೋಳ ಹಸನು ಮಾಡುತ್ತ ಕುಳಿತಿದ್ದ ನಮ್ಮ ಅತ್ತೆಯವರು ತಲೆ ಎತ್ತಿದರು. “ನಿನ್ನ ಹಡೆದದ್ದು ಸೀಗಿ ಹುಣ್ಣಿಮಿ ಮರುದಿನಾ. ಯಾರೋ ಮಾಸ್ತರ ಬರೆದ ತಾರೀಕ ನಂಬಿ ಈಗ್ಲೇ ಮುದುಕ ಆದ್ಯೇನೋ ತಮ್ಮಾ? ನನ್ನ ಲೆಕ್ಕದಾಗ ನಿನಗಿನ್ನೂ ಅರವತ್ತು ತುಂಬಿಲ್ಲ!”

ಇವರು ಗೊಳ್ಳನೆ ನಕ್ಕರು. ಎಷ್ಟೋ ತಿಂಗಳ ಮೇಲೆ ಕೇಳಿದ ನಗು ಅದು. ಆ ಸಂಜೆ ಇಬ್ಬರೂ ರಾಣಿ ಚನ್ನಮ್ಮನ ಸಮಾಧಿಯ ಕಡೆ ಅಡ್ಡಾಡಲು ಹೋದೆವು. “ನನ್ನ ಮಾತು ತಪ್ಪಾತ್ರಿ. ಆದರ ಮಧ್ಯಾಹ್ನ ಎರಡರಿಂದ ನಾಲ್ಕು ನನಗ ಬೇಕು” ಅಂದೆ. “ಆಗಲಿ, ನನಗೂ ಒಂದು ಕೆಲಸ ತೋರಸು” ಅಂದರು.

ಆ ಕೆಲಸ ತಾನಾಗಿ ಬಂತು. ಜುಲೈ 19ರಿಂದ ಗೃಹಲಕ್ಷ್ಮಿ ಅರ್ಜಿ ಸುರುವಾಯಿತು. ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ. ಆದರೆ ಎಷ್ಟೋ ಹೆಂಗಸರಿಗೆ ರೇಷನ್ ಕಾರ್ಡಿನಲ್ಲಿ ಒಂದು ಹೆಸರು, ಆಧಾರಿನಲ್ಲಿ ಇನ್ನೊಂದು. ಕೆಲವರ ಕಾರ್ಡಿನಲ್ಲಿ ಗಂಡನೇ ಯಜಮಾನ. ಕೂಲಿ ಬಿಟ್ಟು ಹೋಗಿ ಬರಿಗೈಲಿ ಬರುತ್ತಿದ್ದರು. ಜಂಪರ ಹೊಲಿಸಲು ಬಂದ ಒಬ್ಬಾಕೆ ನನ್ನ ಮುಂದೆ ಅತ್ತಾಗ, “ನಮ್ಮವರಿಗೆ ತೋರಸ್ರಿ” ಅಂದೆ. ಇವರು ಕನ್ನಡಕ ಏರಿಸಿ ಎರಡೂ ಕಾರ್ಡು ಪಕ್ಕ ಪಕ್ಕ ಇಟ್ಟು, ಎಲ್ಲಿ ತಪ್ಪಿದೆ, ಮೊದಲು ಯಾವುದನ್ನು ತಿದ್ದಿಸಬೇಕು ಎಂದು ಚೀಟಿಯಲ್ಲಿ ಬರೆದುಕೊಟ್ಟರು. ಮರುದಿನ ಮೂವರು, ಆ ವಾರ ಇಡೀ ಓಣಿ! ಬೆಳಿಗ್ಗೆ ಹತ್ತರಿಂದ ಹನ್ನೆರಡು ನಮ್ಮ ಕಟ್ಟೆಯೇ ಕಚೇರಿ. ಇಸ್ತ್ರಿ ಅಂಗಿ ಮತ್ತೆ ಮೈಮೇಲೆ ಬಂತು. ತೆರಿಗೆ ಕಟ್ಟುವವರ ಮನೆಯೆಂದು ನನಗೇನೋ ಆ 2,000 ಸಿಗಲಿಲ್ಲ. ನನ್ನ ಯಜಮಾನರು ನನಗೆ ತಿರುಗಿ ಸಿಕ್ಕರು, ಅಷ್ಟು ಸಾಕು.

ಈಗ ವಿಧವಾ ವೇತನ, ವೃದ್ಧಾಪ್ಯ ವೇತನದ ಕಾಗದಗಳೂ ನಮ್ಮ ಕಟ್ಟೆಗೆ ಬರುತ್ತವೆ.

ಸೋದರಿಯರೇ, ನಿಮ್ಮ ಮನೆಯಲ್ಲೂ ಈ ದಿನ ಬರಬಹುದು. ದುಡ್ಡಿನ ಲೆಕ್ಕವನ್ನು ವರ್ಷ ಮೊದಲೇ ಕೂಡಿ ಬರೆಯಿರಿ. ಕುಟುಂಬ ಪಿಂಚಣಿ ಮುಂದೆ ನಿಮಗೇ ಬರುವಂಥದು. ಅದಕ್ಕೇ ಪಿಂಚಣಿ ಕಾಗದದಲ್ಲಿ ನಿಮ್ಮ ಹೆಸರು ಆಧಾರಿನಲ್ಲಿದ್ದಂತೆಯೇ ಇದೆಯೇ ಎಂದು ನೋಡಿಕೊಳ್ಳಿ. ನಿಮ್ಮ ಹೊತ್ತನ್ನು ನಾಚದೆ ಕೇಳಿ ಪಡೆಯಿರಿ. ‘ಆರಾಮ ಇರ್ರಿ’ ಎಂದು ಮಾತ್ರ ಹೇಳಬೇಡಿ. ಬರಿ ಆರಾಮದಿಂದ ಈ ಅಂಜಿಕೆ ಹೋಗುವುದಿಲ್ಲ. ತನ್ನ ದಾರಿಯನ್ನು ಯಾರೋ ಕಾಯುತ್ತಾರೆಂದಾಗ ಹೋಗುತ್ತದೆ.

ಪಿಂಚಣಿಯವರು ವರ್ಷಕ್ಕೊಮ್ಮೆ ‘ಜೀವಂತ ಇದ್ದೇನೆ’ ಎಂದು ಬ್ಯಾಂಕಿಗೆ ಬರೆದುಕೊಡಬೇಕು. ಮೊದಲ ಸಲ ಹೋಗುವಾಗ ಮನಸ್ಸಿಗೆ ಹಚ್ಚಿಕೊಂಡಾರು ಎಂದು ಅಂಜಿದ್ದೆ. ಇವರೋ ಚಪ್ಪಲಿ ಮೆಟ್ಟುತ್ತ, “ಕಟ್ಟಿ ಮ್ಯಾಲೆ ಮಂದಿ ಬಂದರ ಕುಂದರಸು. ಲಗೂನ ಬರ್ತೇನಿ” ಎನ್ನುತ್ತ ಹೊರಟೇಬಿಟ್ಟರು.