ಟ್ಯಾಡ್‌ಕಾಸ್ಟರಿನ ಕಪ್ಪು ಬಿಯರು

ಯಾರ್ಕ್‌ನಿಂದ ಲೀಡ್ಸ್ ಕಡೆಗೆ ಹೋಗುವ ಬಸ್ಸಿನಿಂದ ಟ್ಯಾಡ್‌ಕಾಸ್ಟರಿನಲ್ಲಿ ಇಳಿದೊಡನೆ ಬೇಯುತ್ತಿರುವ ಕಾಳಿನ ವಾಸನೆ ಮೂಗಿಗೆ ಬಡಿಯಿತು. ವಾರ್ಫ್ ನದಿಯ ದಂಡೆಯ ಈ ಊರು ನಮ್ಮ ಮೈಸೂರಿನ ಒಂದು ದೊಡ್ಡ ಬಡಾವಣೆಯಷ್ಟೂ ಇಲ್ಲ. ಆದರೂ ಇಲ್ಲಿ ಮೂರು ಬ್ರೂವರಿಗಳು. ಕಾರಣ ನೆಲದಡಿಯಲ್ಲಿದೆ: ಸುಣ್ಣಕಲ್ಲಿನ ಪದರಗಳಲ್ಲಿ ಸೋಸಿ ಬರುವ ಗಡಸು ನೀರು. ಅದೇ ಕಲ್ಲನ್ನು ಕಡಿದು ಯಾರ್ಕಿನ ಮಹಾ ಚರ್ಚನ್ನು ಕಟ್ಟಿದರು. ಸ್ಯಾಮ್ಯುಯೆಲ್ ಸ್ಮಿತ್ ಬ್ರೂವರಿ 1758ರಲ್ಲಿ ತೋಡಿದ ಬಾವಿಯ ನೀರನ್ನೇ ಇವತ್ತಿಗೂ ಬಳಸುತ್ತದೆ. ಊರೊಳಗಿನ ಪಬ್ಬುಗಳಿಗೆ ಪೀಪಾಯಿ ಒಯ್ಯಲು ಆನೆಗಾತ್ರದ ಶೈರ್ ಕುದುರೆಗಳನ್ನೂ ಸಾಕಿದೆ.

ನಾನು ಬಂದದ್ದು ಓಟ್ಸ್ ಹಾಕಿ ಮಾಡುವ ಕಪ್ಪು ಬಿಯರು, ಓಟ್‌ಮೀಲ್ ಸ್ಟೌಟ್, ಕುಡಿಯಲು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಇದನ್ನು ಕಾಯಿಲೆಯಿಂದ ಎದ್ದವರಿಗೆ ಪುಷ್ಟಿ ಕೊಡುವ ಪಾನೀಯವೆಂದೇ ಮಾರುತ್ತಿದ್ದರು. ಆಮೇಲೆ ಇದು ಸವೆಯುತ್ತ ಬಂದು, 1970ರ ದಶಕದ ಹೊತ್ತಿಗೆ ಹೆಚ್ಚುಕಡಿಮೆ ಅಳಿದೇಹೋಗಿತ್ತು. ಸಿಯಾಟಲ್‌ನ ಆಮದುದಾರ ಚಾರ್ಲ್ಸ್ ಫಿಂಕೆಲ್, ಬಿಯರ್ ಬರಹಗಾರ ಮೈಕಲ್ ಜಾಕ್ಸನ್ನರ 1977ರ ಪುಸ್ತಕದಲ್ಲಿ ಇದರ ವಿಷಯ ಓದಿ, ಮತ್ತೆ ಮಾಡಿಕೊಡಿ ಎಂದು ಸ್ಯಾಮ್ಯುಯೆಲ್ ಸ್ಮಿತ್ ಬ್ರೂವರಿಯವರನ್ನು ಕೇಳಿದರು. 1980ರಲ್ಲಿ ಬಿಯರು ಮರಳಿ ಬಂತು. ಜಗತ್ತಿನ ಕ್ರಾಫ್ಟ್ ಬ್ರೂವರಿಗಳ ಓಟ್‌ಮೀಲ್ ಸ್ಟೌಟ್‌ಗಳು ಬಹುಪಾಲು ಇದರ ಸಂತಾನ. ಸತ್ತ ರುಚಿಯೊಂದನ್ನು ಒಬ್ಬ ಓದುಗ ಬದುಕಿಸಿದನಲ್ಲ, ಅದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ನಾನು ಕುಳಿತದ್ದು ಆ ಬ್ರೂವರಿಯದೇ ಪಬ್ಬಿನಲ್ಲಿ. ಸಂಗೀತವಿಲ್ಲ, ಟಿ.ವಿ. ಇಲ್ಲ, ಮೊಬೈಲು ಹಿಡಿಯುವಂತಿಲ್ಲ, ಮಾತು ಮಾತ್ರ. ಬಾಟಲಿಯನ್ನು ಐಸಿನಲ್ಲಿ ಹುದುಗಿಸಿಡುವುದಿಲ್ಲ, 13 ಡಿಗ್ರಿಯ ಹದವಾದ ತಂಪು ಸಾಕು. ಬಗ್ಗಿಸಿದರೆ ಕಡುಗಪ್ಪು, ಮೇಲೆ ಕಂದು ನೊರೆ. ಮೊದಲ ಗುಟುಕಿಗೇ ಹುರಿದ ಕಾಫಿಯ ಘಮ. ಇದು ಬರೀ ಭ್ರಮೆಯಲ್ಲ: 1817ರಲ್ಲಿ ಡೇನಿಯಲ್ ವೀಲರ್ ಪೇಟೆಂಟ್ ಪಡೆದ, ಮಾಲ್ಟ್ (ಮೊಳಕೆ ಕಟ್ಟಿ ಒಣಗಿಸಿದ ಕಾಳು) ಹುರಿಯುವ ಡ್ರಮ್ಮು ಕಾಫಿಬೀಜ ಹುರಿಯುವ ಡ್ರಮ್ಮಿನ ಜಾತಿಯದೇ. ಕಪ್ಪು ಬಣ್ಣ, ಕಹಿ ಎರಡೂ ಆ ಹುರಿತದಿಂದ. ಆಮೇಲೆ ಬೆಲ್ಲದ ಪಾಕದಂಥ ಸಿಹಿ, ಕೊನೆಗೆ ಹಾಪ್ಸ್ ಹೂವಿನ ತೆಳು ಒಗರು. ಎಲ್ಲಕ್ಕಿಂತ ಮುಖ್ಯ, ನಾಲಗೆಯ ಮೇಲೆ ಜಾರುವ ನುಣುಪು. ಓಟ್ಸ್‌ನಲ್ಲಿರುವ ಬೀಟಾ ಗ್ಲೂಕನ್ ಎಂಬ ಅಂಟುನಾರು ಕೊಡುವ ಮೈ ಅದು. ಓಟ್ಸ್ ಹಾಕುವುದು ಕಾಳಿನ ಒಟ್ಟು ತೂಕದಲ್ಲಿ ಸ್ವಲ್ಪವೇ. ಹೆಚ್ಚಾದರೆ ಕೊಪ್ಪರಿಗೆಯಲ್ಲಿ ಗಂಜಿ ಕಟ್ಟಿ, ರಸ ಸೋಸಿ ಇಳಿಯುವುದೇ ಇಲ್ಲ. ಹುದುಗು ಬರಿಸುವುದು ಸ್ಲೇಟು ಕಲ್ಲಿನ ಚೌಕ ತೊಟ್ಟಿಗಳಲ್ಲಿ. ಉಕ್ಕಿದ ಯೀಸ್ಟು ತೊಟ್ಟಿಯ ಮೇಲಂತಸ್ತಿಗೆ ಏರಿ ಅಲ್ಲೇ ನಿಲ್ಲುತ್ತದೆ. ಕೆಳಗಿನ ಬಿಯರನ್ನು ಎತ್ತಿ ಮತ್ತೆ ಮತ್ತೆ ಆ ಯೀಸ್ಟಿನ ಮೇಲೆ ಸುರಿಯುತ್ತಾರೆ.

ಈ ಬಿಯರಿನ ಹಿಂದಿರುವ ಮೊಳಕೆ ಕಟ್ಟುವುದು, ಒಣಗಿಸುವುದು, ಹುರಿಯುವುದು ನಮ್ಮ ಮೈಸೂರಿನ ಮನೆಗಳಿಗೆ ಹೊಸತಲ್ಲ. ಚೆಲುವಾಂಬ ಅರಮನೆಯಲ್ಲಿರುವ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ರಾಗಿ ಮಾಲ್ಟಿನ ಮೇಲೆ ಬಹುಕಾಲ ದುಡಿದಿದೆ. ಸಿಕ್ಕಿಮಿನವರು ರಾಗಿಯಿಂದ ತೊಂಗ್ಬಾ ಎಂಬ ಮದ್ಯ ಮಾಡಿ ಬಿಸಿನೀರು ಸುರಿದು ಕುಡಿಯುತ್ತಾರೆ. 2011ರಿಂದ ಮೈಕ್ರೋಬ್ರೂವರಿಗಳನ್ನು ಕಂಡಿರುವ ಬೆಂಗಳೂರಿನ ಬ್ರೂವರ್‌ಗಳಿಗೆ ನನ್ನದೊಂದು ಕೋರಿಕೆ: ನುಣುಪಿಗೆ ಓಟ್ಸ್ ಇರಲಿ, ಏಕೆಂದರೆ ಆ ಅಂಟು ರಾಗಿಯಲ್ಲಿ ಅಷ್ಟಿಲ್ಲ, ಘಮಕ್ಕೆ ಮಾತ್ರ ನಮ್ಮ ಹುರಿದ ರಾಗಿಯ ಮೊಳಕೆಯನ್ನು ಒಮ್ಮೆ ಹಾಕಿ ನೋಡಿ.